ತಡವಾಗಿ ತಲುಪಿದ ಹೂವಿನ ಲೆಕ್ಕ
(ಬೇಗ ಹಾಳಾಗುವ ಮಾಲಿನ ಸಾಗಾಟ ಮತ್ತು ನಷ್ಟ ವಸೂಲಿಯ ಚರಿತ್ರೆ)

ಬೆಳ್ಳಿಹಬ್ಬದ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಸಂಚಿಕೆ ಸಮಿತಿಯವರು ಮನೆಗೇ ಬಂದು ಹೇಳಿ ಹೋದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಹಾರೆ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿದು ಗೊತ್ತಿಲ್ಲ. ಸಂಘದ ಸಾಲ, ಠೇವಣಿ, ಗೊಬ್ಬರ ಮಾರಾಟ, ಲಾಭಾಂಶದ ವಿವರಗಳು ಕಾರ್ಯದರ್ಶಿಯವರ ವರದಿಯಲ್ಲಿ ಹೇಗೂ ಇರುತ್ತವೆ. ಆದ್ದರಿಂದ ವರದಿಯಲ್ಲಿ ಬಾರದ ಒಂದು ವಿಷಯವನ್ನು ಬರೆಯೋಣ ಅಂತ ಕೂತೆವು. ನಮ್ಮ ಊರಿನಿಂದ ಹೊರಗೆ ಹೋದ ಹೂವು, ತರಕಾರಿ, ಮೀನು ದಾರಿಯಲ್ಲಿ ತಡವಾಗಿ ಹಾಳಾದರೆ ಆ ನಷ್ಟ ಯಾರ ತಲೆಗೆ? ಅದನ್ನು ವಸೂಲು ಮಾಡುವ ದಾರಿ ಉಂಟೋ ಇಲ್ಲವೋ? ಇದ್ದರೆ ಅದು ಹೇಗೆ ಬೆಳೆದು ಬಂತು? ಇಷ್ಟೇ ಈ ಲೇಖನದ ವಿಷಯ.

ಇದನ್ನು ಬರೆಯಲು ಒಂದು ಸ್ವಂತ ಕಾರಣವೂ ಇದೆ. ಅದರಲ್ಲಿ ನಮ್ಮದೇ ತಪ್ಪು ಸೇರಿಕೊಂಡಿದೆ. ಅದನ್ನು ಮುಚ್ಚಿಡದೆ ಮುಂದೆ ಹೇಳುತ್ತೇವೆ.

ಒಂದು ದಿನದ ಆಯುಷ್ಯದ ಬೆಳೆ

ಅಡಿಕೆಗೆ ದರ ಇಲ್ಲದಿದ್ದರೆ ಅಟ್ಟದಲ್ಲಿಟ್ಟು ಕಾಯಬಹುದು. ಭತ್ತವನ್ನು ಕಣಜದಲ್ಲಿ ತುಂಬಿಡಬಹುದು. ಮಲ್ಲಿಗೆಯನ್ನು ಯಾರು ಕಾಯಿಸಿ ಇಡುತ್ತಾರೆ? ಬಿಸಿಲು ಏರುವ ಮೊದಲು ಮೊಗ್ಗು ಕೊಯ್ಯಬೇಕು. ಮನೆಮಂದಿ ಎಲ್ಲ ಕೂತು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು. ಶಂಕರಪುರದ ಕಟ್ಟೆಯಲ್ಲಿ ಆ ದಿನದ ದರ ನಿಗದಿಯಾಗುತ್ತದೆ. ಸಂಜೆ ಮೊಗ್ಗು ಬಿರಿಯುತ್ತದೆ, ಮಾರನೇ ದಿನ ಬಣ್ಣ ಕೆಡುತ್ತದೆ. ಉಡುಪಿ ಮಲ್ಲಿಗೆ ಎಂಬ ಹೆಸರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ನೆರೆಯ ಮಟ್ಟುಗುಳ್ಳಕ್ಕೂ 2011ರಲ್ಲಿ ಸಿಕ್ಕಿತು. ಹೆಸರು ಬಂತು ನಿಜ, ಆದರೆ ಹೂವಿನ ಆಯುಷ್ಯ ಒಂದು ಗಂಟೆಯೂ ಹೆಚ್ಚಲಿಲ್ಲ.

ಗುಳ್ಳ ನಾಲ್ಕು ದಿನ ತಡೆದೀತು. ಕಾರ್ಕಳ ಕಡೆಯಿಂದ ಮಣಿಪಾಲ, ಉಡುಪಿಗೆ ಬರುವ ಬಸಳೆ, ಹರಿವೆ, ಬೆಂಡೆ ಒಂದೆರಡು ದಿನ ತಡೆದೀತು, ದಾರಿಯೂ ಹತ್ತಿರ. ಮಲ್ಪೆಯ ಮೀನಿಗೆ ಮಂಜುಗಡ್ಡೆ ಇದೆ. ಮಂಜುಗಡ್ಡೆ ಕರಗುವಷ್ಟು ಹೊತ್ತು ಲಾರಿ ನಿಂತರೆ ಮೀನಿನ ಕಥೆಯೂ ಅಷ್ಟೇ. ಇವೆಲ್ಲದರಲ್ಲಿ ಮಲ್ಲಿಗೆಯೇ ಅತಿ ಸೂಕ್ಷ್ಮ. ಅದರಲ್ಲೂ ಹಬ್ಬದ ಹೂವಿಗೆ ಎರಡು ಸಾವು. ಒಂದು ಬಾಡುವುದು, ಇನ್ನೊಂದು ಹಬ್ಬ ಮುಗಿದು ಹೋಗುವುದು. ಬಾಡದೆ ತಲುಪಿದರೂ ಚೌತಿಯ ಮರುದಿನ ಚೌತಿಯ ದರ ಎಲ್ಲಿ ಸಿಗುತ್ತದೆ?

ದಾರಿ ತೆರೆದು ಬಂದ ಬಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹೂವು ಊರಿನಲ್ಲಿ ಹುಟ್ಟಿ ಊರಿನಲ್ಲೇ ಮುಡಿಗೆ, ದೇವರಿಗೆ ಹೋಗುತ್ತಿತ್ತು. ಹೊಳೆಗೊಂದು ಕಡವು, ಕಡವಿಗೊಂದು ದೋಣಿ. ದೂರದ ಪೇಟೆಗೆ ಹೋಗುವ ಮಾಲು ಅಂದರೆ ಅಕ್ಕಿ, ತೆಂಗು, ಒಣಮೀನು. ಇವು ಹಾಯಿ ಮಚವೆಯಲ್ಲಿ ವಾರಗಟ್ಟಲೆ ಹೋದರೂ ಕೆಡುವಂಥವಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮದರಾಸಿನ ಕಡೆಯಿಂದ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ನಮ್ಮ ಹಿರಿಯರ ಬಾಯಲ್ಲಿ ಸಿ.ಪಿ.ಸಿ., ಜಿಲ್ಲೆಯಲ್ಲಿ ಬಸ್ಸು ಶುರು ಮಾಡಿತು. ಬಜ್ಪೆಯಲ್ಲಿ ವಿಮಾನ ಇಳಿದದ್ದು 1951ರಲ್ಲಿ. ಹಾಸನ ಮಂಗಳೂರು ರೈಲು ಮಾರ್ಗ ತೆರೆದದ್ದು 1979ರಲ್ಲಿ. ಉಡುಪಿಗೆ ರೈಲು ಬರಲು ಮಾತ್ರ 1993ರ ಮಾರ್ಚ್ ತನಕ ಕಾಯಬೇಕಾಯಿತು. ಆಗ ನಾವು ಹೈಸ್ಕೂಲಿನಲ್ಲಿದ್ದೆವು. ರೈಲು ನೋಡಲಿಕ್ಕೆಂದೇ ಸೈಕಲಿನಲ್ಲಿ ಹೋದ ನೆನಪು ಇನ್ನೂ ಇದೆ. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಮುಂಬಯಿ ತನಕ ಪೂರ್ತಿಯಾಯಿತು. ಅದರ ಹಿಂದಿನ ವರ್ಷ, 1997ರ ಆಗಸ್ಟ್ 25ರಂದು, ಉಡುಪಿ ಪ್ರತ್ಯೇಕ ಜಿಲ್ಲೆಯಾಗಿತ್ತು. ಕಾಪು ತಾಲೂಕಾದದ್ದು 2018ರಲ್ಲಿ.

ಹೀಗೆ ಮೊದಲು ಬಸ್ಸಿನ ಟಾಪು, ಮತ್ತೆ ವಿಮಾನ, ರೈಲು, ಟೆಂಪೊ ಎಂದು ದಾರಿಗಳು ಹೆಚ್ಚುತ್ತಾ ಹೋದವು. ಮುಂಬಯಿಯಲ್ಲಿ ನಮ್ಮ ಜಿಲ್ಲೆಯವರ ಹೋಟೆಲುಗಳು, ಮದುವೆಗಳು, ಪೂಜೆಗಳು ಇದ್ದವು. ಹೂವಿಗೆ ಬೇಡಿಕೆ ಬಂತು. ಮೊದಲು ಅಂಗಳದ ಬದಿಯಲ್ಲಿ ನಾಲ್ಕು ಬುಡ ಇದ್ದವರು ಹತ್ತು ಸೆಂಟ್ಸು ಮಾಡಿದರು. ಮಕ್ಕಳ ಶಾಲೆ ಫೀಸು, ಮನೆಯ ಹಂಚು, ಮಗಳ ಮದುವೆ ಎಲ್ಲ ಹೂವಿನಿಂದಲೇ ಆದ ಮನೆಗಳು ನಮ್ಮ ಸದಸ್ಯರಲ್ಲಿ ಎಷ್ಟೋ ಇವೆ. ಆದರೆ ದಾರಿ ಉದ್ದವಾದಂತೆ ಹೂವು ನಮ್ಮ ಕೈಬಿಟ್ಟು ಇನ್ನೊಬ್ಬರ ಕೈಯಲ್ಲಿ ಇರುವ ಹೊತ್ತೂ ಉದ್ದವಾಯಿತು. ನಷ್ಟದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಕಾನೂನು ನಡೆದು ಬಂದ ದಾರಿ

ಈ ಭಾಗವನ್ನು ನಾವು ಒಬ್ಬ ವಕೀಲರ ಬಳಿ ಕೂತು, ಕೇಳಿ, ಬರೆದುಕೊಂಡು ತಿಳಿದದ್ದು. ಓದುವಾಗ ಸ್ವಲ್ಪ ತಾಳ್ಮೆ ಇರಲಿ, ಪ್ರಯೋಜನಕ್ಕೆ ಬರುತ್ತದೆ.

ತಡವಾದ ಮಾಲಿನ ಬಗ್ಗೆ ಇಂದಿಗೂ ನ್ಯಾಯಾಲಯಗಳಲ್ಲಿ ಹೇಳುವ ಒಂದು ಹಳೇ ಮೊಕದ್ದಮೆ ಇಂಗ್ಲೆಂಡಿನದ್ದು, 1854ರ ತೀರ್ಪು. ಗ್ಲಾಸ್ಟರ್ ಎಂಬ ಊರಿನ ಒಂದು ಹಿಟ್ಟಿನ ಮಿಲ್ಲಿನ ಯಂತ್ರದ ದಂಡ ಮುರಿಯಿತು. ಅದೇ ಮಾದರಿಯಲ್ಲಿ ಹೊಸದು ಮಾಡಿಸಲು ಮುರಿದದ್ದನ್ನು ಸಾಗಾಟದವರ ಕೈಯಲ್ಲಿ ಕಳಿಸಿದರು. ಅವರು ತಡಮಾಡಿದರು. ಅಷ್ಟು ದಿನ ಮಿಲ್ಲು ನಿಂತಿತು. ಮಿಲ್ಲಿನವರು ನಿಂತ ದಿನಗಳ ಲಾಭ ಕೇಳಿದರು. ನ್ಯಾಯಾಲಯ ಏನು ಹೇಳಿತು? ತಡವಾದರೆ ಸಹಜವಾಗಿ ಆಗುವ ನಷ್ಟವನ್ನು ಸಾಗಾಟದವನು ಕೊಡಬೇಕು. ಸಹಜವಲ್ಲದ ವಿಶೇಷ ನಷ್ಟವಾದರೆ, ಅದು ಆಗುತ್ತದೆಂದು ಅವನಿಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕೆ ಅವನು ಹೊಣೆಯಲ್ಲ ಎಂದಿತು. ಮಿಲ್ಲಿನವರಿಗೆ ಆ ಲಾಭ ಸಿಗಲಿಲ್ಲ.

ನಮ್ಮ ದೇಶದ 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ ಇದೇ ತತ್ವ ಬಂತು. ಅದರ ಕೆಳಗೆ ಕೊಟ್ಟ ಉದಾಹರಣೆಗಳಲ್ಲಿ ಯಂತ್ರ ಸಾಗಿಸುವವನ ಮಾತೂ ಇದೆ. ಮಿಲ್ಲು ನಿಂತಿದೆ, ಬೇಗ ತಲುಪಿಸು ಎಂದು ಹೇಳಿ ಕೊಟ್ಟಿದ್ದರೆ ಮಿಲ್ಲು ನಿಂತ ದಿನಗಳ ಸರಾಸರಿ ಲಾಭ ಸಿಗುತ್ತದೆ. ಹೇಳದೆ ಬಿಟ್ಟ ದೊಡ್ಡ ಗುತ್ತಿಗೆಯ ನಷ್ಟ ಸಿಗುವುದಿಲ್ಲ. ಅದೇ ಕಲಮಿನಲ್ಲಿ ಇನ್ನೊಂದು ಮಾತು ಇದೆ. ನಷ್ಟವನ್ನು ಕಡಿಮೆ ಮಾಡಲು ನಮಗೆ ಸಾಧ್ಯವಿದ್ದದ್ದನ್ನು ನಾವೂ ಮಾಡಿರಬೇಕು. ಹೂವು ತಡವಾಯಿತೆಂದು ಸಿಟ್ಟಿನಲ್ಲಿ ಗಟಾರಕ್ಕೆ ಸುರಿದರೆ ಕೇಸು ದುರ್ಬಲವಾಗುತ್ತದೆ. ಸಿಕ್ಕಿದ ಬೆಲೆಗೆ ಮಾರಬೇಕು, ಪಟ್ಟಿ ಪಡೆಯಬೇಕು, ವ್ಯತ್ಯಾಸವನ್ನು ಕೇಳಬೇಕು.

ಮಾಲು ಕೆಡದೆ ತಲುಪಿ, ಬರೀ ದರ ಬಿದ್ದರೆ? ಅದಕ್ಕೂ ಒಂದು ಪ್ರಸಿದ್ಧ ಮೊಕದ್ದಮೆ ಇದೆ. 1960ರಲ್ಲಿ ಒಂದು ಹಡಗು 3,000 ಟನ್ ಸಕ್ಕರೆ ತುಂಬಿಕೊಂಡು ರುಮೇನಿಯದಿಂದ ಇರಾಕಿನ ಬಸ್ರಾಕ್ಕೆ ಹೊರಟಿತು. ನಡುವೆ ಬೇರೆ ಬಂದರುಗಳಿಗೆ ತಿರುಗಿ ಒಂಬತ್ತು ದಿನ ತಡವಾಗಿ ತಲುಪಿತು. ಸಕ್ಕರೆ ಕೆಟ್ಟಿರಲಿಲ್ಲ, ಆದರೆ ಅಷ್ಟರಲ್ಲಿ ದರ ಇಳಿದಿತ್ತು. ದರದ ವ್ಯತ್ಯಾಸವನ್ನು ಹಡಗಿನವರು ಕೊಡಬೇಕೆಂದು 1967ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ತೀರ್ಮಾನಿಸಿತು. ಬಸ್ರಾದಲ್ಲಿ ಸಕ್ಕರೆ ಪೇಟೆ ಇದೆ, ಪೇಟೆಯ ದರ ಏರಿಳಿಯುತ್ತದೆ ಎಂಬುದು ಹಡಗಿನವರಿಗೆ ಗೊತ್ತಿರುವ ವಿಷಯವೇ ಆಗಿತ್ತು. ಹಬ್ಬದ ಹೂವಿನ ನಮ್ಮ ಪ್ರಶ್ನೆಯೂ ಇದೇ ಅಲ್ಲವೋ?

ಇನ್ನು ರಸ್ತೆಯ ವಿಷಯ. 1865ರಲ್ಲೇ ಸಾಗಾಟದವರ ಕಾಯ್ದೆಯೊಂದು ಬಂದಿತ್ತು. ಮಾಲು ನಷ್ಟವಾದರೆ ಸಾಗಾಟದವನ ಅಜಾಗರೂಕತೆಯನ್ನು ಮಾಲಿನವನು ಸಾಬೀತು ಮಾಡಬೇಕಾಗಿಲ್ಲ ಎಂಬುದು ಅದರ ಮುಖ್ಯ ಬಲ. ಸುಮಾರು ಒಂದೂವರೆ ಶತಮಾನ ಆ ಕಾಯ್ದೆಯೇ ನಡೆಯಿತು. ಅದರ ಜಾಗಕ್ಕೆ 2007ರ ರಸ್ತೆ ಸಾಗಾಟ ಕಾಯ್ದೆ ಬಂದು, 2011ರ ಮಾರ್ಚ್ 1ರಿಂದ ಜಾರಿಯಾಯಿತು. ಅದರಲ್ಲಿ ನಾವು ನೆನಪಿಡಬೇಕಾದದ್ದು ಮೂರು.

ಒಂದು, ಮಾಲು ಕೊಡುವಾಗ ನಾವು ರವಾನೆ ಪತ್ರ ತುಂಬಿ ಕೊಡಬೇಕು, ಅವರು ರಶೀದಿ ಕೊಡಬೇಕು. ಎಷ್ಟು ಹೊತ್ತಿಗೆ ತಲುಪಬೇಕೆಂಬ ಒಪ್ಪಂದವನ್ನು ಆ ಪತ್ರದಲ್ಲೇ ಬರೆಯಬಹುದು. ಬರೆದ ಅವಧಿಯ ಒಳಗಿನ ತಡಕ್ಕೆ ಹೊಣೆ ಬಾಡಿಗೆಯ ಮೊತ್ತದಷ್ಟೇ. ಅವಧಿ ಮೀರಿದ ಮೇಲೆ ಹೊಣೆ ಹೆಚ್ಚುತ್ತದೆ.

ಎರಡು, ಹೆಚ್ಚಿನ ಬೆಲೆಯನ್ನು ಘೋಷಿಸಿ ಅದಕ್ಕೆ ತಕ್ಕ ಹೆಚ್ಚಿನ ಬಾಡಿಗೆ ಕೊಡದಿದ್ದರೆ ಪರಿಹಾರಕ್ಕೆ ಮಿತಿ ಇದೆ. 2011ರ ನಿಯಮದ ಪ್ರಕಾರ ಅದು ಬಾಡಿಗೆಯ ಹತ್ತು ಪಟ್ಟು. ಒಂದು ಲೆಕ್ಕ ಹಾಕಿ ನೋಡಿ. 50 ಅಟ್ಟೆ ಹೂವು, ಅಟ್ಟೆಗೆ 1,000 ರೂಪಾಯಿ, ಒಟ್ಟು 50,000. ಬಾಡಿಗೆ 1,500 ಅಂತ ಇಟ್ಟುಕೊಳ್ಳಿ. ಹೂವು ಪೂರ್ತಿ ಹಾಳಾದರೂ ಹೆಚ್ಚೆಂದರೆ 15,000. ಉಳಿದ 35,000 ನಮ್ಮ ತಲೆಗೇ.

ಮೂರು, ಮಾಲು ಬುಕ್ ಮಾಡಿದ ದಿನದಿಂದ 180 ದಿನಗಳ ಒಳಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆ ಹೂಡಲಿಕ್ಕೇ ಆಗುವುದಿಲ್ಲ.

ರಶೀದಿಯ ಮೇಲೆ ‘ಮಾಲು ಮಾಲೀಕರ ಜವಾಬ್ದಾರಿ’ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿ ಹೆದರಿ ಮನೆಗೆ ಬರುವವರೇ ಹೆಚ್ಚು. ಅಚ್ಚು ಹಾಕಿದ ಮಾತ್ರಕ್ಕೆ ಅವರ ಅಜಾಗರೂಕತೆಯ ಹೊಣೆ ತಪ್ಪುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ರೈಲಿನದ್ದು ಬೇರೆ ಚರಿತ್ರೆ. 1890ರ ರೈಲ್ವೆ ಕಾಯ್ದೆಯಲ್ಲಿ ರೈಲ್ವೆಯವರ ಹೊಣೆ ಬರೀ ಸಾಮಾನ್ಯ ಜಾಗ್ರತೆಯಷ್ಟಕ್ಕೇ ಇತ್ತು. 1961ರ ತಿದ್ದುಪಡಿಯಿಂದ ಆ ಹೊಣೆ ಹೆಚ್ಚಿತು. ಈಗ ನಡೆಯುವುದು 1989ರ ಕಾಯ್ದೆ. ಅದರ 95ನೇ ಕಲಮು ತಡದ ಬಗ್ಗೆಯೇ ಇದೆ. ತಡವಾದ್ದರಿಂದಲೇ ಮಾಲು ಕೆಟ್ಟಿತು ಎಂದು ನಾವು ತೋರಿಸಬೇಕು. ತಡವಾದದ್ದು ತಮ್ಮ ಕೈಮೀರಿದ ಕಾರಣದಿಂದ ಅಥವಾ ತಮ್ಮವರ ಅಜಾಗರೂಕತೆ ಇಲ್ಲದೆ ಎಂದು ಅವರು ತೋರಿಸಬೇಕು. ತೋರಿಸಲಾಗದಿದ್ದರೆ ಹೊಣೆ ಅವರದ್ದು. ಮಾಲು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ನೋಟೀಸು ಕೊಡಬೇಕು. ಇಂಥ ದಾವೆಗಳಿಗೆಂದೇ 1987ರ ಕಾಯ್ದೆಯಂತೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಆಯಿತು, ಬೆಂಗಳೂರಿನಲ್ಲೂ ಅದರ ಪೀಠ ಇದೆ. ವಿಮಾನಕ್ಕೆ 1972ರ ಕಾಯ್ದೆ. ಅಲ್ಲಿ ತಡದ ದೂರನ್ನು ಮಾಲು ಕೈಗೆ ಸಿಕ್ಕಿದ 21 ದಿನಗಳೊಳಗೆ ಬರೆದು ಕೊಡಬೇಕು.

ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಬೆಲೆ ಘೋಷಿಸದೆ ಕಳಿಸಿದ ಮಾಲಿಗೆ ಪರಿಹಾರ ತೂಕದ ಲೆಕ್ಕದಲ್ಲಿ, ಕಿಲೋಗೆ ಇಂತಿಷ್ಟು. ಮಲ್ಲಿಗೆ ಬೆಳೆಯುವವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಕಬ್ಬಿಣಕ್ಕೂ ಹೂವಿಗೂ ಒಂದೇ ತಕ್ಕಡಿ ಅಂದರೆ ಹೂವಿಗೆ ಏನು ಸಿಕ್ಕೀತು?

ನಮ್ಮದೇ ಕಥೆ

ಈಗ ನಮ್ಮ ತಪ್ಪಿನ ವಿಷಯ. ಸುಮಾರು ಹತ್ತು ವರ್ಷದ ಹಿಂದಿನ ಮಾತು. ಚೌತಿಗೆ ಎರಡು ದಿನ ಇತ್ತು. ಮಳೆಗಾಲವಾದ್ದರಿಂದ ಇಳುವರಿ ಕಡಿಮೆ, ದರ ಜೋರು. 26 ಮನೆಗಳ ಹೂವನ್ನು ಒಟ್ಟು ಮಾಡಿ 38 ಅಟ್ಟೆ, ಬಾಳೆಲೆ ಹಾಸಿ ಪೆಟ್ಟಿಗೆಗೆ ತುಂಬಿ, ಒಂದು ಸಾಗಾಟದವರ ಕೈಯಲ್ಲಿ ಮುಂಬಯಿಗೆ ಕಳಿಸಿದೆವು. ಬಾಡಿಗೆ 1,800 ರೂಪಾಯಿ. ಮುಂದೆ ನಿಂತು ಸಹಿ ಹಾಕಿದವರು ನಾವೇ. ರಶೀದಿಯಲ್ಲಿ ‘ಪೆಟ್ಟಿಗೆ’ ಎಂದು ಮಾತ್ರ ಬರೆದಿತ್ತು. ಒಳಗೆ ಹೂವು ಇದೆ ಅಂತ ಇಲ್ಲ, ಬೆಲೆ ಇಲ್ಲ, ಯಾವಾಗ ತಲುಪಬೇಕು ಅಂತ ಇಲ್ಲ. ಡ್ರೈವರಿಗೆ ಬಾಯಲ್ಲಿ ಹೇಳಿದ್ದೆವು, “ನಾಳೆ ಬೆಳಿಗ್ಗೆ ಮುಟ್ಟಬೇಕು ಮಾರಾಯಾ” ಅಂತ. ಅವನೂ ಆಯ್ತು ಅಂದ.

ಮಾರನೇ ದಿನ ಬೆಳಿಗ್ಗೆ ವ್ಯಾಪಾರಿಯ ಫೋನು ಬಂತು, ಹೂವು ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ರಾತ್ರಿಯೂ ಬರಲಿಲ್ಲ. ಮುಟ್ಟಿದ್ದು ಚೌತಿಯ ದಿನ ಮಧ್ಯಾಹ್ನ ದಾಟಿದ ಮೇಲೆ. ಗುಡ್ಡ ಕುಸಿಯಲಿಲ್ಲ, ರಸ್ತೆ ಬಂದ್ ಆಗಲಿಲ್ಲ. ದಾರಿಯಲ್ಲಿ ಬೇರೆ ಮಾಲು ತುಂಬಲಿಕ್ಕೆಂದು ಒಂದು ಹಗಲು ಪೂರ್ತಿ ಗಾಡಿ ನಿಲ್ಲಿಸಿದ್ದರಂತೆ. ಪೆಟ್ಟಿಗೆ ಬಿಚ್ಚಿದಾಗ ಬಿಳಿ ಹೂವು ಇರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ನಲವತ್ತು ಸಾವಿರದ ಮೇಲೆ ಬರಬೇಕಾದಲ್ಲಿ ಬಂದದ್ದು ಆರು ಸಾವಿರ.

ಸಾಗಾಟದವರ ಕಚೇರಿಗೆ ಹೋದೆವು. ನೋಡುವ ಅಂದರು. ಇನ್ನೊಮ್ಮೆ ಹೋದೆವು. ದೊಡ್ಡವರು ಊರಿನಲ್ಲಿಲ್ಲ ಅಂದರು. ದೀಪಾವಳಿ ಕಳೆಯಲಿ ಅಂದರು. ನಾವೂ, ಊರಿನವರೇ ಅಲ್ಲವೋ, ಮಾತಿನಲ್ಲೇ ಮುಗಿಸುವ ಅಂತ ಕಾದೆವು. ಕೊನೆಗೆ ವಕೀಲರ ಬಳಿ ಹೋದಾಗ ಏಳನೇ ತಿಂಗಳು ನಡೆಯುತ್ತಿತ್ತು. ವಕೀಲರು ರಶೀದಿಯ ತಾರೀಕು ನೋಡಿ ಬೆರಳು ಮಡಚಿ ಲೆಕ್ಕ ಹಾಕಿದರು. “ನೂರ ಎಂಬತ್ತು ದಿನ ಕಳೆದಿದೆ. ಬೆಲೆ ಬರೆಯದಿದ್ದರೂ ಬಾಡಿಗೆಯ ಹತ್ತು ಪಟ್ಟು, ಹದಿನೆಂಟು ಸಾವಿರದ ತನಕ ಕೇಳಬಹುದಿತ್ತು. ಒಂದು ಕಾಗದ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ್ದರೆ ಸಾಕಿತ್ತು” ಅಂದರು. ಕೊನೆಗೆ ಸಾಗಾಟದವರು ಬಾಡಿಗೆಯ 1,800 ವಾಪಸು ಕೊಟ್ಟರು, ಅದೂ ಉಪಕಾರ ಮಾಡಿದ ಹಾಗೆ.

26 ಮನೆಗಳಲ್ಲಿ ಒಂದು ಮನೆ ಒಬ್ಬ ವಯಸ್ಸಾದ ಬಾಯಮ್ಮನವರದ್ದು. ಗಂಡ ತೀರಿದ ಮೇಲೆ ಎಂಟು ಸೆಂಟ್ಸು ಮಲ್ಲಿಗೆಯಲ್ಲೇ ಮನೆ ನಡೆಸಿದವರು. ಅವರ ಪಾಲಿನ ದುಡ್ಡು ಕೊಡಲಿಕ್ಕೆ ಹೋದಾಗ ಒಂದು ಮಾತೂ ಬೈಯಲಿಲ್ಲ. ನೋಟುಗಳನ್ನು ಎಣಿಸದೆ ಮಡಚಿಟ್ಟರು. “ನೀವು ಸಹಿ ಹಾಕುವಾಗ ಓದಿ ನೋಡಲಿಲ್ಲವಾ?” ಅಂತ ಅಷ್ಟೇ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮರುವರ್ಷ ಅವರು ಗಿಡ ತೆಗೆಸಿದರು. ಅದಕ್ಕೆ ವಯಸ್ಸೂ ಕಾರಣವಿರಬಹುದು. ಆದರೆ ಆ ಅಂಗಳದ ಎದುರು ಹೋಗುವಾಗ ಇವತ್ತಿಗೂ ನಮಗೆ ಆ ಪ್ರಶ್ನೆ ಕೇಳಿಸುತ್ತದೆ.

ಯಾರೂ ಹೊಣೆಯಲ್ಲದ ನಷ್ಟ

ಎಲ್ಲ ನಷ್ಟಕ್ಕೂ ವಸೂಲಿ ಇದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಸರಕಾರದ ಆದೇಶ ಇವುಗಳಿಂದ ತಡವಾದರೆ, ಸಾಗಾಟದವನು ತನ್ನ ಕಡೆಯಿಂದ ಜಾಗ್ರತೆ ವಹಿಸಿದ್ದರೆ, ಅವನನ್ನು ದೂರುವಂತಿಲ್ಲ. 2010ರ ಏಪ್ರಿಲಿನಲ್ಲಿ ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿ ಎದ್ದು, ಅದರ ಬೂದಿಯಿಂದ ಯುರೋಪಿನ ವಿಮಾನಗಳೆಲ್ಲ ದಿನಗಟ್ಟಲೆ ನಿಂತವು. ಅಷ್ಟು ದೂರದ ಆಫ್ರಿಕಾದ ಕೆನ್ಯಾದಲ್ಲಿ ಹೂವು ಬೆಳೆಯುವವರು ಕೊಯ್ದ ಹೂವನ್ನು ರಾಶಿ ರಾಶಿಯಾಗಿ ಬಿಸಾಡಬೇಕಾಯಿತು. ಬೂದಿಗೆ ನೋಟೀಸು ಕೊಡಲಿಕ್ಕೆ ಆಗುತ್ತದೆಯೇ?

ನಮಗೆ ಅಂಥ ಕಾಲ ಬಂದದ್ದು 2020ರ ಮಾರ್ಚ್ ಕೊನೆಗೆ, ಲಾಕ್‌ಡೌನ್ ಹೆಸರಿನಲ್ಲಿ. ಮಲ್ಲಿಗೆ ಜೋರು ಬಿಡುವ ತಿಂಗಳು, ಮದುವೆಯ ಕಾಲ. ಗಾಡಿ ಇಲ್ಲ, ಕಟ್ಟೆ ಇಲ್ಲ, ದೇವಸ್ಥಾನ, ಇಗರ್ಜಿ ಎಲ್ಲ ಮುಚ್ಚಿದ್ದವು. ಮೊಗ್ಗು ಗಿಡದಲ್ಲೇ ಅರಳಿ ಗಿಡದಲ್ಲೇ ಉದುರಿತು. ಆ ಮೇ ತಿಂಗಳಲ್ಲಿ ರಾಜ್ಯ ಸರಕಾರ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರಿನ ಮಿತಿಯಲ್ಲಿ, ಪರಿಹಾರ ಘೋಷಿಸಿತು. ಘೋಷಿಸಿದ್ದು ಒಳ್ಳೆಯದೇ. ಆದರೆ ಒಂದು ಹೆಕ್ಟೇರೆಂದರೆ 247 ಸೆಂಟ್ಸು. ಅಂದರೆ ಸೆಂಟ್ಸಿಗೆ ಸುಮಾರು 100 ರೂಪಾಯಿ. ಹತ್ತು ಸೆಂಟ್ಸಿನ ನಮ್ಮ ಮನೆಹಿತ್ತಲಿನ ಬೆಳೆಗಾರನ ಲೆಕ್ಕಕ್ಕೆ ಸಾವಿರ ರೂಪಾಯಿ. ಬಯಲುಸೀಮೆಯ ಎಕರೆಗಟ್ಟಲೆ ಹೂದೋಟದ ಅಳತೆ ನಮ್ಮ ಅಂಗಳದ ಮಲ್ಲಿಗೆಗೆ ಹೊಂದುವುದಿಲ್ಲ ಎಂಬುದು ಆಗ ಮನದಟ್ಟಾಯಿತು.

ಇನ್ಶೂರೆನ್ಸ್ ಮಾಡಿಸಿದರೆ ಆಯ್ತಲ್ಲ ಎಂದು ಕೆಲವರು ಕೇಳುತ್ತಾರೆ. ಸಾಗಾಟದ ವಿಮೆಯಲ್ಲಿ ಅಪಘಾತ, ಬೆಂಕಿಗೆ ರಕ್ಷಣೆ ಸಿಗಬಹುದು. ಆದರೆ ಬರೀ ತಡದಿಂದ ಆದ ನಷ್ಟವನ್ನು ಸಾಮಾನ್ಯವಾಗಿ ಹೊರಗೆ ಇಟ್ಟಿರುತ್ತಾರೆ. 1963ರ ಸಾಗರ ವಿಮಾ ಕಾಯ್ದೆಯಲ್ಲೂ ಈ ಮಾತಿದೆ. ಆದ್ದರಿಂದ ಪಾಲಿಸಿ ಮಾಡುವ ಮೊದಲು ‘ತಡಕ್ಕೆ ಉಂಟಾ?’ ಎಂದು ಕೇಳಿಯೇ ಸಹಿ ಹಾಕಬೇಕು.

ಒಬ್ಬೊಬ್ಬರಿಂದ ಆಗದ ಕೆಲಸ

ಇಷ್ಟೆಲ್ಲ ಕಾನೂನು ಇದ್ದೂ ನಮ್ಮ ಕಡೆಯ ಹೂವಿನ ನಷ್ಟ ವಸೂಲಾಗುವುದು ಅಪರೂಪ ಯಾಕೆ? ನಮಗೆ ತೋಚಿದ ಉತ್ತರ ಇದು. ಒಬ್ಬ ಬೆಳೆಗಾರನ ಹೂವು ದಿನಕ್ಕೆ ಒಂದು ಅಟ್ಟೆಯೋ ಎರಡು ಅಟ್ಟೆಯೋ. ಅದಕ್ಕಾಗಿ ವಕೀಲರ ಬಳಿ ಹೋದರೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಸಾಗಾಟದವರಿಗೂ ಅದು ಗೊತ್ತು. ಅದರ ಮೇಲೆ ಬಸ್ಸಿನ ಟಾಪಿನಲ್ಲಿ, ಡಿಕ್ಕಿಯಲ್ಲಿ ಕಂಡಕ್ಟರನ ಕೈಗೆ ದುಡ್ಡು ಕೊಟ್ಟು ಕಳಿಸಿದ ಹೂವಿಗೆ ರಶೀದಿಯೇ ಇರುವುದಿಲ್ಲ. ಕಾಗದ ಇಲ್ಲದೆ ಕಾನೂನು ಇಲ್ಲ.

ಸಹಕಾರ ಸಂಘ ಹುಟ್ಟಿದ್ದೇ ಇಂಥ ಕಡೆ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದಾಗ, ಒಬ್ಬ ರೈತನಿಗೆ ಸಾಲ ಕೊಡದವರು ಹತ್ತು ರೈತರ ಒಟ್ಟು ಮಾತಿಗೆ ಬೆಲೆ ಕೊಡುತ್ತಾರೆ ಎಂಬುದೇ ತಿರುಳಾಗಿತ್ತು. ಅಡಿಕೆ ದರ ಬಿದ್ದು ಬೆಳೆಗಾರ ಕಂಗಾಲಾದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ದರ ಕೇಳುವ ಶಕ್ತಿ ಒಬ್ಬನಿಗೆ ಇರಲಿಲ್ಲ, ಒಟ್ಟಾದಾಗ ಬಂತು. ನಷ್ಟ ಕೇಳುವ ಶಕ್ತಿಯೂ ಹಾಗೆಯೇ.

ಗ್ರಾಹಕ ಆಯೋಗದ ದಾರಿಯೂ ಇದೆ. 1986ರ ಗ್ರಾಹಕ ಕಾಯ್ದೆಯಲ್ಲಿ ವ್ಯಾಪಾರಕ್ಕೆಂದು ಸೇವೆ ಪಡೆದವರಿಗೆ ಅಡ್ಡಿ ಇತ್ತು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಪಡೆದದ್ದಕ್ಕೆ ಆ ಅಡ್ಡಿ ಇಲ್ಲ ಎಂಬ ವಿವರಣೆ 2003ರಿಂದ ಸೇವೆಗೂ ಅನ್ವಯಿಸಿತು. 2020ರ ಜುಲೈ 20ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುಂಬಯಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಪ್ರತಿಫಲ 5 ಲಕ್ಷ ರೂಪಾಯಿ ತನಕವಾದರೆ ಶುಲ್ಕವೂ ಇಲ್ಲ. ರೈಲಿನಲ್ಲಿ ಕಳಿಸಿದ ಮಾಲಿನ ಪರಿಹಾರಕ್ಕೆ ಮಾತ್ರ ಟ್ರಿಬ್ಯೂನಲ್ಲಿಗೇ ಹೋಗಬೇಕು.

ಆ ಚೌತಿಯ ನಂತರ ನಾವು ಕೆಲವು ಬೆಳೆಗಾರರು ಸೇರಿ ಒಂದು ಪುಸ್ತಕ ಇಟ್ಟಿದ್ದೇವೆ, ಬರೀ ಒಂದು ನೂರು ಪುಟದ ನೋಟ್‌ಬುಕ್ಕು. ಕಳಿಸಿದ ತಾರೀಕು ಮತ್ತು ಗಂಟೆ, ಎಷ್ಟು ಅಟ್ಟೆ, ಆ ದಿನದ ಕಟ್ಟೆಯ ದರ, ಗಾಡಿಯ ನಂಬರು, ಬಾಡಿಗೆ, ತಲುಪಬೇಕಾದ ಗಂಟೆ, ತಲುಪಿದ ಗಂಟೆ, ಮುಂಬಯಿ ವ್ಯಾಪಾರಿಯ ಪಟ್ಟಿ. ರವಾನೆ ಪತ್ರದ ಮೇಲೆ ದೊಡ್ಡ ಅಕ್ಷರದಲ್ಲಿ ‘ಮಲ್ಲಿಗೆ ಹೂವು, ಬೇಗ ಹಾಳಾಗುವ ಮಾಲು, ಇಂಥ ದಿನ ಇಷ್ಟು ಗಂಟೆಯೊಳಗೆ ತಲುಪಬೇಕು, ಹಬ್ಬದ ಮಾರಾಟಕ್ಕೆ’ ಎಂದು ಬರೆದು ಬೆಲೆ ಹಾಕುತ್ತೇವೆ. 1854ರ ಮಿಲ್ಲಿನವರು ಮಾಡದೆ ಬಿಟ್ಟದ್ದು ಇಷ್ಟನ್ನೇ. ಹೂವು ತಡವಾದರೆ ಮುಟ್ಟಿದ ಕೂಡಲೇ ಫೋಟೊ, ಸಿಕ್ಕಿದ ಬೆಲೆಗೆ ಮಾರಾಟ, ಪಟ್ಟಿ, ಒಂದು ವಾರದೊಳಗೆ ರಿಜಿಸ್ಟರ್ಡ್ ಕಾಗದ. ಮಾತುಕತೆ ಆಮೇಲೆ.

ಒಂದು ವಿಶೇಷ ಏನೆಂದರೆ, ಹೀಗೆ ಬರೆಯಲು ಶುರು ಮಾಡಿದ ಮೇಲೆ ಗಾಡಿಗಳು ತಡವಾಗುವುದೇ ಕಡಿಮೆಯಾಗಿದೆ. ಗಂಟೆ ಬರೆದ ಕಾಗದ ಕಿಸೆಯಲ್ಲಿದ್ದರೆ ಡ್ರೈವರನೂ ಚಹಾಕ್ಕೆ ಹೆಚ್ಚು ಹೊತ್ತು ಕೂರುವುದಿಲ್ಲ. ಒಮ್ಮೆ ತಡವಾಗಿ ಅರ್ಧ ನಷ್ಟವಾದಾಗ ನಮ್ಮ ಕಾಗದ ಮುಟ್ಟಿದ ಹದಿನೈದು ದಿನದಲ್ಲಿ ಸಾಗಾಟದವರೇ ಬಂದು ಲೆಕ್ಕ ಚುಕ್ತಾ ಮಾಡಿದರು. ಕೋರ್ಟಿನ ಮೆಟ್ಟಿಲು ಹತ್ತಬೇಕಾಗಲಿಲ್ಲ.

ಬೆಲೆ ಘೋಷಿಸಿದರೆ ಬಾಡಿಗೆ ಜಾಸ್ತಿಯಾಗುತ್ತದೆ ಎಂಬುದು ಕೆಲವು ಸದಸ್ಯರ ಆಕ್ಷೇಪ. ಅದು ನಿಜ. ದಿನನಿತ್ಯದ ಹೂವಿಗೆ ಅದು ಭಾರವಾಗಲೂಬಹುದು. ಆದ್ದರಿಂದ ನಮ್ಮ ಸಲಹೆ ಹೀಗಿದೆ. ಚೌತಿ, ನವರಾತ್ರಿ, ದೀಪಾವಳಿ, ಕ್ರಿಸ್ಮಸ್, ಮದುವೆ ಮುಹೂರ್ತಗಳ ದಿನ ಸಂಘದ ಹೆಸರಿನಲ್ಲಿ ಒಟ್ಟಾಗಿ ಬೆಲೆ ಘೋಷಿಸಿಯೇ ಬುಕ್ ಮಾಡೋಣ. ಉಳಿದ ದಿನ ಹೊತ್ತು, ಮಾಲು ಬರೆದ ರಶೀದಿ ಇಲ್ಲದೆ ಒಂದು ಚೆಂಡೂ ಕಳಿಸುವುದು ಬೇಡ. ಅಟ್ಟೆಗೆ ಒಂದು ರೂಪಾಯಿಯಂತೆ ತೆಗೆದಿಟ್ಟು ಒಂದು ನಿಧಿ ಮಾಡೋಣ. ಯಾರನ್ನೂ ದೂರಲಾಗದ ನಷ್ಟ ಬಂದಾಗ ಮೊದಲ ಪಾಲು ಅತಿ ಸಣ್ಣ ಬೆಳೆಗಾರನಿಗೆ ಹೋಗಲಿ. ಗುಳ್ಳ, ತರಕಾರಿ ಕಳಿಸುವ ಸದಸ್ಯರೂ ಇದರಲ್ಲಿ ಸೇರಬಹುದು. ಈ ಸಲಹೆಯನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ಒಪ್ಪುವುದು ಬಿಡುವುದು ಸದಸ್ಯರ ಕೈಯಲ್ಲಿದೆ. ಆದರೆ ಚರ್ಚೆಯಾಗದೆ ಹೋಗುವುದು ಬೇಡ ಎಂಬುದು ನಮ್ಮ ವಿನಂತಿ.

ಇಪ್ಪತ್ತೈದು ವರ್ಷ ನಮ್ಮ ಸಂಘ ಸಾಲ ಕೊಟ್ಟಿತು, ಸಾಲ ವಸೂಲು ಮಾಡಿತು. ಸದಸ್ಯನಿಗೆ ಬರಬೇಕಾದದ್ದನ್ನು ಹೊರಗಿನವರಿಂದ ವಸೂಲು ಮಾಡಿ ಕೊಡುವುದೂ ಸಂಘದ ಕೆಲಸವೇ ಎಂದು ನಮಗೆ ಅನಿಸುತ್ತದೆ. ಮುಂದಿನ ಸಲ ಯಾವ ನಿರ್ದೇಶಕರು ಸದಸ್ಯರ ಪರವಾಗಿ ಸಹಿ ಹಾಕಿದರೂ ಓದಿ ನೋಡಿ ಹಾಕಲಿ. ಆ ಬಾಯಮ್ಮನವರ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ ಇಷ್ಟೇ.